ಎಲೆಯೊಳಗಿನ ಮೂರು ಚುಕ್ಕಿ

ಅಡುಗೆ ಜಗದಾಂಬಕ್ಕನ ಯಾವ ಪಾತ್ರೆಯನ್ನಾದರೂ ಬೋರಲು ಹಾಕಿ ನೋಡಿ, ತಳದಲ್ಲಿ ಕೆಂಪು ಬಣ್ಣದ ಮೂರು ಚುಕ್ಕಿ ಕಾಣುತ್ತವೆ. ಮೇಲೊಂದು, ಕೆಳಗೆರಡು, ಒಲೆಗೆ ಮೂರು ಕಲ್ಲಿಟ್ಟ ಹಾಗೆ. ಸೌಟಿನ ಹಿಡಿಯ ಮೇಲೂ ಅದೇ, ಕೊಳಗದ ಮುಚ್ಚಳದ ಮೇಲೂ ಅದೇ. ಮೂರು ಮನೆ ಅಡುಗೆಯವರ ಪಾತ್ರೆ ಒಂದೇ ತೊಟ್ಟಿಯ ಪಕ್ಕ ಬಿದ್ದಿರುವ ಕಲ್ಯಾಣಮಂಟಪದಲ್ಲಿ ಗುರುತಿಲ್ಲದ ಪಾತ್ರೆ ಮನೆಗೆ ವಾಪಸು ಬರುವುದಿಲ್ಲ. ಇದು ಆ ಕಸುಬಿನಲ್ಲಿ ಎಲ್ಲರೂ ಒಂದು ಕೊಳಗ ಕಳೆದುಕೊಂಡು ಕಲಿಯುವ ಪಾಠ.

ಚುಕ್ಕಿ ಇಟ್ಟವನು ಅವಳ ಗಂಡ ಷಡಕ್ಷರಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವನದು ಇನ್‌ಸ್ಪೆಕ್ಷನ್ ಕೆಲಸ. ಎರಕ ಹೊಯ್ದ ಒಂದೊಂದು ಕಬ್ಬಿಣದ ತುಂಡನ್ನೂ ತಿರುಗಿಸಿ ನೋಡಿ, ಸರಿಯಿದ್ದರೆ ಬಣ್ಣದ ಗುರುತು ಹಾಕಿ ಮುಂದಕ್ಕೆ ಬಿಡುವುದು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಛತ್ರಿಗೆ ಗುರುತು, ಚಪ್ಪಲಿಗೆ ಗುರುತು, ಗ್ಯಾಸ್ ಸಿಲಿಂಡರಿಗೂ ಗುರುತು. ಅವನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಒಮ್ಮೆ ಪಕ್ಕದ ಮನೆಯವರ ಮಾತ್ರೆಗೂ ಇವನ ಮಾತ್ರೆಗೂ ಬೆರಕೆಯಾಗಿ ರಾದ್ಧಾಂತವಾದದ್ದೇ ತಡ, ಬೆಂಕಿಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ಒಂದೊಂದು ಮಾತ್ರೆಯ ಬೆನ್ನಿಗಿರುವ ಬೇಗಡೆಯ ಮೇಲೂ ಅದೇ ಮೂರು ಚುಕ್ಕಿ ಇಡಲು ಕೂತ.

"ಮಾತ್ರೆಗೂ ರಂಗೋಲಿ ಬಿಡ್ತೀರಲ್ಲ ಮಾರಾಯ್ರೆ" ಎಂದು ಜಗದಾಂಬಾ ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ರಂಗೋಲಿ ಮುಂದೆ ಯಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎಂದು ಅವಳಿಗೆ ಹೇಗೆ ಗೊತ್ತಿರಬೇಕು.

ಮದುವೆಯಾಗಿ ನ್ಯೂ ಟೌನಿನ ಕ್ವಾರ್ಟರ್ಸಿಗೆ ಬಂದಾಗ ಅವಳಿಗೆ ಬರುತ್ತಿದ್ದದ್ದು ನಾಲ್ಕು ಜನಕ್ಕಾಗುವ ಅಡುಗೆ. ಪಕ್ಕದ ಬೀದಿಯ ಸೀಮಂತಕ್ಕೆ ಬರಬೇಕಿದ್ದ ಅಡುಗೆಯವನು ಕೈಕೊಟ್ಟ ದಿನ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅರವತ್ತು ಜನಕ್ಕೆ ಹೋಳಿಗೆ ತಟ್ಟಿದಳು. ಆವತ್ತು ಹಿಡಿದ ಸೌಟನ್ನು ಇಪ್ಪತ್ತಾರು ವರ್ಷವಾದರೂ ಇಳಿಸಿಲ್ಲ. ಅವಳ ಸಾರು ಕುಡಿದು ನಾಮಕರಣ ಮಾಡಿಸಿಕೊಂಡ ಮಕ್ಕಳು ಅವಳ ಸಾರಿನಲ್ಲೇ ಮದುವೆಯಾದವು. 'ಜಗದಾಂಬಕ್ಕನ ಕೈ' ಎಂದರೆ ಭದ್ರಾವತಿಯಿಂದ ಶಿವಮೊಗ್ಗದ ಗೋಪಾಳದವರೆಗೆ ಬೇರೆ ವಿವರಣೆ ಬೇಕಿರಲಿಲ್ಲ. ಪಂಕ್ತಿ ನೋಡಿಯೇ ಯಾರಿಗೆ ಸಕ್ಕರೆ ಕಾಯಿಲೆ ಎಂದು ಹೇಳುತ್ತಿದ್ದಳು. ಅರ್ಧ ಹೋಳಿಗೆ ಸಾಕು ಎನ್ನುವವನಿಗೂ ಸಕ್ಕರೆ, ಹೆಂಡತಿ ಎಲ್ಲಿ ಕೂತಿದ್ದಾಳೆ ಎಂದು ನೋಡಿಕೊಂಡು ಮೂರನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುವವನಿಗೂ ಸಕ್ಕರೆ. ಅವಳ ಗಂಡ ಎರಡನೆಯ ಜಾತಿಯವನು. ಆದರೂ ಮಾತ್ರೆ ತಪ್ಪಿಸುತ್ತಿರಲಿಲ್ಲ, ಅಷ್ಟರಮಟ್ಟಿಗೆ ಸಂಸಾರ ಸುಖವಾಗಿತ್ತು.

ಹಾಳು ಮಾಡಿದವನು ಸುಘೋಷ. ಶಿವಮೊಗ್ಗದ ವಿದ್ಯಾನಗರದಲ್ಲಿ ಮೊದಲು ಟೈಲ್ಸ್ ಅಂಗಡಿ ಇಟ್ಟಿದ್ದ. ಅದು ಮುಳುಗಿದ ಮೇಲೆ ಅದೇ ಅಂಗಡಿಗೆ ಸುಣ್ಣ ಬಳಿಸಿ, 'ಪಥ್ಯಧಾಮ' ಎಂದು ಬೋರ್ಡು ಹಾಕಿ, ಬಿಳಿ ಜುಬ್ಬ ತೊಟ್ಟು ಗುರೂಜಿಯಾದ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಗೋಡೆಯ ಮೇಲೆ ಬರೆಸಿದ್ದ. ಗಾದೆಯ ಉಳಿದರ್ಧವನ್ನು ಬರೆಸಿರಲಿಲ್ಲ. ಮಾತು ಬಲ್ಲವನು, ಅವನ ಹತ್ತಿರ ಯಾರು ಜಗಳಕ್ಕೆ ಹೋಗುತ್ತಿದ್ದರು? ಅನ್ನ ವಿಷ, ರಾಗಿ ಅಮೃತ. ಸಕ್ಕರೆ ವಿಷ, ಬೆಲ್ಲ ಅಮೃತ. ಬೆಳಗ್ಗೆ ಚೊಂಬು ತುಂಬ ಹಣ್ಣಿನ ರಸ, ಮಧ್ಯಾಹ್ನ ಹೊಟ್ಟೆ ಬಿರಿಯ ಮುದ್ದೆ, ಸಂಜೆ ಬೆಲ್ಲದ ಕಷಾಯ. ಎಲ್ಲಕ್ಕಿಂತ ದೊಡ್ಡ ವಿಷ ಮಾತ್ರೆ. ಇಷ್ಟೇ ಅವನ ಶಾಸ್ತ್ರ. ಶಿಬಿರದ ಕೊನೆಗೆ ವೇದಿಕೆಯ ಮೇಲೆ ಒಂದು ದೊಡ್ಡ ಬಿದಿರಿನ ಬುಟ್ಟಿ ಬರುತ್ತಿತ್ತು. ಜನ ಸಾಲಾಗಿ ಬಂದು ತಮ್ಮ ತಮ್ಮ ಮಾತ್ರೆಗಳನ್ನು ಅದಕ್ಕೆ ಹಾಕಿ ಕೈಮುಗಿಯಬೇಕು, ಗುರೂಜಿ ಅವನ್ನೆಲ್ಲ ತುಂಗಾ ನದಿಗೆ ಬಿಟ್ಟು ಬರುತ್ತಾನೆ. ಅದಕ್ಕೆ ವಿಷದ ಬುಟ್ಟಿ ಎಂದು ಹೆಸರು.

ಸಂಕ್ರಾಂತಿಯ ಮರುದಿನ ಷಡಕ್ಷರಪ್ಪ ಆ ಬುಟ್ಟಿಗೆ ಆರು ತಿಂಗಳ ಮಾತ್ರೆ ಸುರಿದು ಬಂದ. ಕಡಿಮೆ ದರದ ಅಂಗಡಿಯಲ್ಲಿ ಒಟ್ಟಿಗೆ ತಂದು, ಒಂದೊಂದಕ್ಕೂ ಚುಕ್ಕಿ ಇಟ್ಟು ಜೋಡಿಸಿದ್ದ ಮಾತ್ರೆ. ಜಗದಾಂಬಾ ಬೇಡವೆನ್ನಲಿಲ್ಲ. ಅದೇ ಈಗಲೂ ಅವಳನ್ನು ಚುಚ್ಚುವುದು. ಗುರುಗಳು ಹೇಳಿದ್ದಾರೆಂದು ಅವಳೇ ಬೆಳಗಾಗೆದ್ದು ಕಿತ್ತಳೆ, ಮೂಸಂಬಿ ಹಿಂಡಿ ಕೊಟ್ಟಳು. ಅವಳೇ ಚೆಂಡಿನಂಥ ಎರಡೆರಡು ಮುದ್ದೆ ಕಟ್ಟಿದಳು. ಏಪ್ರಿಲ್‌ನಲ್ಲಿ ಹೊಸ ಚಪ್ಪಲಿ ಕಚ್ಚಿ ಎಡಗಾಲಿನಲ್ಲಿ ಒಂದು ಬೊಬ್ಬೆ ಎದ್ದಿತು. ಬೊಬ್ಬೆ ಹುಣ್ಣಾಯಿತು, ಹುಣ್ಣು ಕಪ್ಪಾಯಿತು. ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಸಕ್ಕರೆ ನಾನೂರ ಎಂಬತ್ತು. ಎರಡು ಬೆರಳು ತೆಗೆದರು. ಇನ್ನೊಂದು ಸಲ ಹೀಗಾದರೆ ಪಾದವೇ ಹೋಗುತ್ತದೆ, ಮಾತ್ರೆ ಬಿಡಕೂಡದು ಎಂದು ಡಾಕ್ಟರು ಬೆರಳೆತ್ತಿ ಹೇಳಿದರು.

ಇಷ್ಟಾದ ಮೇಲೆ ಕಣ್ಣು ತೆರೆಯಬೇಕಿತ್ತಲ್ಲ. ತೆರೆಯಲಿಲ್ಲ. ಗಾಯ ಮಾಯುತ್ತಿದ್ದಂತೆ ಷಡಕ್ಷರಪ್ಪ ಹೆಂಡತಿಯನ್ನೂ ಕರೆದುಕೊಂಡು, ಕುಂಟುತ್ತಾ ವಿದ್ಯಾನಗರಕ್ಕೆ ಹೋಗಿ, ತುಂಬಿದ ಸಭೆಯಲ್ಲಿ ಎದ್ದು ನಿಂತು, ತನ್ನ ಪಥ್ಯದಲ್ಲಿ ಎಲ್ಲಿ ತಪ್ಪಾಯಿತು ಎಂದು ಕೇಳಿದ.

ಸುಘೋಷ ಅವನ ಕಾಲು ನೋಡಿದ, ಪಕ್ಕದಲ್ಲಿದ್ದ ಜಗದಾಂಬಳನ್ನು ನೋಡಿದ. "ಪಥ್ಯ ಸೋಲಲ್ಲ ಕಣಪ್ಪ. ಮಾಡಿಕೊಡೋರು ಸೋಲಿಸ್ತಾರೆ. ಮಂಟಪದ ಒಲೆ ಮುಂದೆ ಎಣ್ಣೆ ಸಕ್ಕರೆ ಕಲಸಿದ ಕೈ, ಮನೇಲಿ ಶುದ್ಧ ಇರುತ್ತಾ? ಮುದ್ದೆ ಒಳಗೆ ಅನ್ನ ಸೇರಿಸಿರ್ತಾರೆ, ಕಷಾಯಕ್ಕೆ ಸಕ್ಕರೆ ಹಾಕಿರ್ತಾರೆ. ಪಾಪ, ನಿನಗೆ ಗೊತ್ತಾಗೋದು ಹೇಗೆ?"

ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರಲ್ಲ, ಅದು ಇದೇ. ಇನ್ನೂರು ಜನ ತಿರುಗಿ ಜಗದಾಂಬಳ ಕೈ ನೋಡಿದರು. ಅವರಲ್ಲಿ ಅರ್ಧಕ್ಕರ್ಧ ಜನ ಆ ಕೈಯ ಊಟ ಉಂಡವರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಗಂಡ ಒಂದು ಮಾತಾಡಲಿ, ಇಲ್ಲ ಗುರುಗಳೇ ಅವಳು ಅಂಥವಳಲ್ಲ ಎನ್ನಲಿ ಎಂದು ಕಾದಳು. ಅವನು ತಲೆ ತಗ್ಗಿಸಿ ಕೂತ.

ಮಾರನೆಯ ದಿನ ಷಡಕ್ಷರಪ್ಪ ಪೇಟೆಗೆ ಹೋಗಿ ಪುಟ್ಟ ಸ್ಟೌ, ಒಂದು ಅಲ್ಯೂಮಿನಿಯಂ ಪಾತ್ರೆ ತಂದ. ಹಿತ್ತಿಲ ಕಟ್ಟೆಯ ಮೇಲೆ ತನ್ನ ಮುದ್ದೆ ತಾನೇ ತಿರುವಿಕೊಳ್ಳತೊಡಗಿದ. ಆ ಪಾತ್ರೆಯ ತಳಕ್ಕೂ ಗುರುತು ಹಾಕಿದ. ಮೂರು ಚುಕ್ಕಿಯಲ್ಲ, ಒಂದು ಗೆರೆ. ಜಗದಾಂಬಾ ಬೇರೆಲ್ಲವನ್ನೂ ನುಂಗಿಕೊಂಡಳು, ಆ ಗೆರೆಯನ್ನು ನುಂಗಲಾರದೆ ಹೋದಳು. ಸಾವಿರ ಜನ ಉಂಡು ಕೈ ತೊಳೆದ ಮೇಲೆ ಮನೆಗೆ ಬಂದರೆ, ಕಟ್ಟಿಕೊಂಡ ಗಂಡ ಅವಳು ಮುಟ್ಟಿದ್ದನ್ನು ಮುಟ್ಟುತ್ತಿರಲಿಲ್ಲ. ಆವತ್ತಿನಿಂದ ಅವಳಿಗೆ ಎರಡೇ ಬೇಕು. ಗಂಡನ ಉಳಿದ ಕಾಲು ಉಳಿಯಬೇಕು, ಸುಘೋಷನ ಬಾಯಿಗೆ ಮಣ್ಣು ಬೀಳಬೇಕು.

ದೊಡ್ಡಾಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಶ್ರೀಗೌರಿ ಎಂಬ ಹುಡುಗಿ ಇದ್ದಳು. ಷಡಕ್ಷರಪ್ಪ ಅವಳ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಿದ್ದ. ಜಗದಾಂಬಾ ಒಬ್ಬಳೇ ಹೋಗಿ ಅವಳ ಮುಂದೆ ಕೂತಳು. "ಮೇಡಂ, ನನ್ನ ಕೈಯಿಂದ ತಪ್ಪಾಯ್ತಾ? ನೇರವಾಗಿ ಹೇಳಿ" ಎಂದಳು.

ಶ್ರೀಗೌರಿ ಸಂಕ್ರಾಂತಿಯಿಂದ ಆದ ಊಟವನ್ನೆಲ್ಲ ಬಿಡಿಬಿಡಿಯಾಗಿ ಕೇಳಿದಳು. "ನಿಮ್ಮ ಕೈದಲ್ಲ ಅಮ್ಮ. ಮಾತ್ರೆ ಬಿಟ್ಟಿದ್ದು ಮೊದಲನೇ ತಪ್ಪು. ರಾಗಿ ಒಳ್ಳೇದೇ, ಆದ್ರೆ ಎರಡು ದೊಡ್ಡ ಮುದ್ದೆ ಅಂದ್ರೆ ಒಂದು ತಟ್ಟೆ ಅನ್ನಕ್ಕೇನೂ ಕಮ್ಮಿ ಇಲ್ಲ. ಬೆಲ್ಲ ಯಾವುದು, ಸಕ್ಕರೆ ಯಾವುದು ಅಂತ ರಕ್ತಕ್ಕೆ ಗೊತ್ತಾಗಲ್ಲ. ಹಣ್ಣು ಕಚ್ಚಿ ತಿನ್ನಬೇಕು, ಹಿಂಡಿ ಕುಡಿದ್ರೆ ನಾರು ಹೋಗಿ ಸಕ್ಕರೆ ಮಾತ್ರ ಉಳಿಯುತ್ತೆ."

"ಹಂಗಾದ್ರೆ ಅನ್ನ?"

"ಯಾವ ಊಟಾನೂ ವಿಷ ಅಲ್ಲ, ಯಾವುದೂ ಅಮೃತ ಅಲ್ಲ. ತಟ್ಟೆ ಅರ್ಧ ಸೊಪ್ಪು ತರಕಾರಿ. ಕಾಲು ಭಾಗ ಬೇಳೆ, ಕಾಳು, ಮೊಸರು. ಇನ್ನು ಕಾಲು ಭಾಗದಲ್ಲಿ ಮುದ್ದೆನೋ ರೊಟ್ಟಿನೋ ಅನ್ನನೋ, ನಿಮ್ಮಿಷ್ಟ. ಉಪ್ಪು ಇಡೀ ದಿನಕ್ಕೆ ಒಂದು ಟೀ ಚಮಚದೊಳಗೆ. ನಾನು ಹೇಳ್ದೆ ಅಂತ ನಂಬಬೇಡಿ. ಊಟ ಶುರು ಮಾಡಿ ಎರಡು ಗಂಟೆ ಆದ ಮೇಲೆ ಬೆರಳು ಚುಚ್ಚಿ ನೋಡಿ, ಬರೆದಿಡಿ. ಒಂದ್ಸಲ ಬಂದಿದ್ದು ಸಾಕ್ಷಿ ಅಲ್ಲ. ಮತ್ತೆ ಮತ್ತೆ ಅದೇ ಬಂದ್ರೆ ಸಾಕ್ಷಿ."

ಜಗದಾಂಬಳಿಗೂ ಸಕ್ಕರೆ ಗಡಿಯಲ್ಲಿತ್ತು. ಗಂಡ ಬೆರಳು ಕೊಡದಿದ್ದರೆ ತನ್ನದೇನು ಸವೆದು ಹೋಗುತ್ತದೆಯೇ ಎಂದು ಸಕ್ಕರೆ ಅಳೆಯುವ ಮೀಟರು ಕೊಂಡು ತಂದಳು. ದಿನಸಿ ಚೀಟಿ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾ ಹೋದಳು. ಎರಡು ಮುದ್ದೆ ಉಂಡ ದಿನ ಇಷ್ಟು, ಅರ್ಧ ಮುದ್ದೆಗೆ ಬಸ್ಸಾರಿನ ಸೊಪ್ಪು, ಕಾಳು ಹೆಚ್ಚು ಹಾಕಿಕೊಂಡ ದಿನ ಇಷ್ಟು. ರಸ ಕುಡಿದ ದಿನ ಇಷ್ಟು, ಅದೇ ಮೂಸಂಬಿ ಬಿಡಿಸಿ ತಿಂದ ದಿನ ಇಷ್ಟು. ಒಂದೊಂದನ್ನೂ ಮೂರು ಮೂರು ಸಲ ನೋಡಿದಳು. ಹುಡುಗಿ ಹೇಳಿದ್ದು ಸುಳ್ಳಾಗಲಿಲ್ಲ. ಪ್ರತಿ ಸಲ ಸೂಜಿ ಚುಚ್ಚಿದಾಗಲೂ ಸುಘೋಷನ ಮುಖ ಕಣ್ಣ ಮುಂದೆ ಬರುತ್ತಿತ್ತು. ಪುಸ್ತಕ ತಂದು ತೋರಿಸಿದರೆ ಷಡಕ್ಷರಪ್ಪ ಮುಖ ತಿರುಗಿಸಿದ. "ಶ್ರಾವಣದ ಕೊನೆ ಭಾನುವಾರ ಮತ್ತೆ ಶಿಬಿರ ಇದೆ. ಆಸ್ಪತ್ರೆ ಮಾತ್ರೆ ಬುಟ್ಟಿಗೆ ಹಾಕಿ ಬರ್ತೀನಿ. ಈ ಸಲ ನನ್ನ ಪಥ್ಯ ನನ್ನ ಕೈಯಲ್ಲೇ ಇದೆಯಲ್ಲ" ಎಂದ. ಅಂದರೆ ಪಾದಕ್ಕೆ ದಿನ ಗೊತ್ತಾದ ಹಾಗೆಯೇ.

ಆ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ಗೋಪಾಳದಲ್ಲಿ ಅಡಿಕೆ ಮಂಡಿಯ ಚಂದ್ರಶೇಖರಪ್ಪನವರ ಹೊಸ ಮನೆಯ ಗೃಹಪ್ರವೇಶ. ಅಡುಗೆ ಜಗದಾಂಬಳದು. ಮುಖ್ಯ ಅತಿಥಿ ಯಾರು ಎಂದುಕೊಂಡಿರಿ, ಸುಘೋಷ. ಚಂದ್ರಶೇಖರಪ್ಪನವರೂ ಅವನ ಭಕ್ತರೇ. ಮೊದಲ ಪಂಕ್ತಿಯ ತುದಿಯಲ್ಲಿ ಅವನಿಗೆ ಮಣೆ. ಊರಿಗೆಲ್ಲ ಅನ್ನ ವಿಷವೆಂದವನು ಎರಡು ಸಲ ಅನ್ನ ಹಾಕಿಸಿಕೊಂಡ, ಹೋಳಿಗೆಗೆ ಇವತ್ತೊಂದು ದಿನ ಎಂದು ಎಲೆ ಒಡ್ಡಿದ. ಉಂಡು, ಎಲೆಯನ್ನು ತನ್ನ ಕಡೆಗೆ ಮಡಚಿ ಎದ್ದ. ಎಲೆ ಎತ್ತುವ ಹೆಂಗಸರು ಇಬ್ಬರು ಬಂದಿರಲಿಲ್ಲ. ಜಗದಾಂಬಳೇ ಬುಟ್ಟಿ ಹಿಡಿದು ಸಾಲಿಗೆ ಇಳಿದಳು.

ಪ್ರಸಾದ ಬಿಡಬಾರದೆಂದು ಬೆಳೆದವರ ಎಲೆ ಬಟ್ಟಲಿನಂತೆ ಸ್ವಚ್ಛವಿರುತ್ತದೆ. ಸುಘೋಷನ ಎಲೆಯೂ ಹಗುರಾಗಿತ್ತು. ಆದರೆ ಮುಟ್ಟಿದಾಗ ಒಳಗೇನೋ ಚರಕ್ ಎಂದಿತು. ಬಿಚ್ಚಿದಳು. ಕತ್ತರಿಯಲ್ಲಿ ಕತ್ತರಿಸಿದ, ಒಂದೇ ಒಂದು ಮಾತ್ರೆಯ ಖಾಲಿ ತುಂಡು. ಮಗುಚಿ ನೋಡಿದಳು. ಹರಿದ ಬೇಗಡೆಯ ಮೇಲೆ ಕೆಂಪು ಬಣ್ಣ. ಮೇಲೊಂದು, ಕೆಳಗೆರಡು.

ಮೊದಲು ಅವಳಿಗೆ ತನ್ನ ಗಂಡ ಇಲ್ಲಿ ಊಟಕ್ಕೆ ಬಂದಿದ್ದನೇ ಎನಿಸಿತು. ಆಮೇಲೆ ತಿಳಿಯಿತು. ತಿಳಿದಾಗ ಅಡಿಯಿಂದ ಮುಡಿಯವರೆಗೆ ಬೆಂಕಿ ಹತ್ತಿಕೊಂಡಿತು. ತುಂಗೆಗೆ ಹೋದ ಮಾತ್ರೆ. ತನ್ನ ಗಂಡನ ರಕ್ತಕ್ಕೆ ಬೇಕಿದ್ದ ಮಾತ್ರೆ. ಅದನ್ನು ಇವನು ಬುಟ್ಟಿಯಿಂದ ಎತ್ತಿಕೊಂಡು, ದಿನಾ ನುಂಗಿ, ಹೋಳಿಗೆ ತಿಂದು, ತನ್ನ ಹತ್ತೂ ಬೆರಳು ಉಳಿಸಿಕೊಂಡು ಓಡಾಡುತ್ತಿದ್ದಾನೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದರೆ ಇವನಿಗೆ ಸಾಲದು. ಅಲ್ಲೇ ಹೋಗಿ ಅವನ ಜುಬ್ಬ ಹಿಡಿದು ಜಗ್ಗಬೇಕೆಂದು ಕಾಲು ಮುಂದಿಟ್ಟಳು. ಒಂದ್ಸಲ ಬಂದಿದ್ದು ಸಾಕ್ಷಿ ಅಲ್ಲ ಎಂಬ ಮಾತು ಅವಳನ್ನು ಹಿಂದಕ್ಕೆ ಎಳೆಯಿತು. ಚುಕ್ಕಿ ನೀನೇ ಇಟ್ಟೆ ಎನ್ನುತ್ತಾನೆ ಕಳ್ಳ. ಗಂಡನೂ ಹೌದೆನ್ನುತ್ತಾನೆ.

ಚಂದ್ರಶೇಖರಪ್ಪನವರನ್ನು ಪಾತ್ರೆ ತೊಳೆಯುವ ಜಾಗಕ್ಕೆ ಕರೆದಳು. ತುಂಡನ್ನು ತೋರಿಸಿದಳು, ಬೋರಲು ಬಿದ್ದ ತನ್ನ ಕೊಳಗವನ್ನೂ ತೋರಿಸಿದಳು. ಹಿರಿಯರು ಬಹಳ ಹೊತ್ತು ಎರಡನ್ನೂ ನೋಡಿದರು. ಅವರೂ ಯುಗಾದಿಯ ದಿನ ತಮ್ಮ ಬಿಪಿ ಮಾತ್ರೆಯನ್ನು ಆ ಬುಟ್ಟಿಗೆ ಹಾಕಿದವರು.

"ಈಗ ಏನ್ ಮಾಡೋಣ ಅಂತೀಯ ಜಗದಾಂಬಾ?"

"ಇದು ನಿಮ್ಮ ಹತ್ರನೇ ಇರಲಿ ಅಣ್ಣಾರೆ. ಭಾನುವಾರ ಶಿಬಿರಕ್ಕೆ ಬನ್ನಿ. ಬಾಯಿ ಮಾತ್ರ ಬಿಡಬೇಡಿ."

ಸಂಜೆ ಅವಳು ಸುಘೋಷನಿಗೆ ಫೋನ್ ಮಾಡಿದಳು. ಇಪ್ಪತ್ತಾರು ವರ್ಷದಲ್ಲಿ ಯಾರ ಮುಂದೆಯೂ ಬಾಗದ ನಾಲಿಗೆಯನ್ನು ಬಾಗಿಸಿದಳು. "ಗುರುಗಳೇ, ನನ್ನ ಕೈಯಿಂದ ತಪ್ಪಾಗಿದೆ. ಭಾನುವಾರದ ಪ್ರಸಾದ ನಾನೇ ಬಂದು ಮಾಡಿಕೊಡ್ತೀನಿ, ತಪ್ಪು ಕಾಣಿಕೆ ಅಂದ್ಕೊಳ್ಳಿ. ಒಂದೇ ಬೇಡಿಕೆ. ನಿಮ್ಮ ಎಲೆ ಎತ್ತೋ ಭಾಗ್ಯ ನಮ್ಮನೆಯವರಿಗೆ ಸಿಗಲಿ."

ಆ ಕಡೆ ಸುಘೋಷ ಸಂತೋಷದಿಂದ ಗಂಟಲು ಸರಿಮಾಡಿಕೊಂಡ. "ಪಶ್ಚಾತ್ತಾಪ ದೊಡ್ಡದು ತಾಯಿ. ಆಗಲಿ. ಹೋಳಿಗೆ ಮಾಡಿಬಿಡು. ನನಗಲ್ಲ, ಬಂದ ಹಿರಿಯರಿಗೆ."

ಷಡಕ್ಷರಪ್ಪನಿಗೆ ವಿಷಯ ತಿಳಿಸಿದಾಗ ಅವನ ಕಣ್ಣು ತುಂಬಿತು. ಎರಡು ತಿಂಗಳ ಮೇಲೆ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದ. "ತಪ್ಪು ಒಪ್ಕೊಂಡ್ಯಲ್ಲ ಜಗದಾಂಬಾ, ಅಷ್ಟು ಸಾಕು" ಎಂದ. ಅವಳು ಹಲ್ಲು ಕಚ್ಚಿಕೊಂಡು ಒಳಗೆ ಹೋದಳು. ಗುರುವಿನ ಎಲೆ ಎತ್ತುವ ಭಕ್ತ ಏನು ಮಾಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹಾಗೆಯೇ ಎಸೆಯುವುದಿಲ್ಲ. ಮರೆಗೆ ಹೋಗಿ ಎಲೆ ಬಿಚ್ಚುತ್ತಾನೆ, ಒಂದು ಅಗುಳು ಉಳಿದಿದೆಯೇ ಎಂದು ಹುಡುಕುತ್ತಾನೆ, ಸಿಕ್ಕರೆ ಪ್ರಸಾದವೆಂದು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಸುಘೋಷ ಎಲ್ಲವನ್ನೂ ಯೋಚಿಸಿದ್ದ. ಭಕ್ತಿ ಎಲೆ ಬಿಚ್ಚುತ್ತದೆ ಎಂಬುದೊಂದನ್ನು ಮರೆತಿದ್ದ.

ಭಾನುವಾರ ಪಥ್ಯಧಾಮದಲ್ಲಿ ಮುನ್ನೂರು ಜನ. ಹೊರಗಿನವರಿಗೆ ಮೊಳಕೆ ಕಾಳು, ಮಜ್ಜಿಗೆ. ಒಳಗಿನ ಕೋಣೆಯಲ್ಲಿ ಮೂವತ್ತು ಎಲೆ ಹಾಕಿ ನಿಜವಾದ ಊಟ. ಊಟವಾದ ಮೇಲೆ ಬುಟ್ಟಿಯ ಶಾಸ್ತ್ರ. ಜಗದಾಂಬಾ ಆವತ್ತು ತಟ್ಟಿದಂಥ ಹೋಳಿಗೆಯನ್ನು ತನ್ನ ಮಗಳ ಮದುವೆಗೂ ತಟ್ಟಿರಲಿಲ್ಲ. ಹಾಳೆಯಷ್ಟು ತೆಳ್ಳಗೆ, ಬಾಯಲ್ಲಿಟ್ಟರೆ ಕರಗಬೇಕು. ಹಗೆಯನ್ನೆಲ್ಲ ಹೂರಣಕ್ಕೆ ಹಾಕಿ ನಾದಿದಳು. ಸುಘೋಷ ಬೇಡ ಬೇಡ ಎನ್ನುತ್ತಲೇ ಒಂದು ತಿಂದ, ಎರಡು ತಿಂದ. ಮೂರನೆಯದನ್ನು ಅವಳೇ ತಂದು, ತುಪ್ಪ ಸುರಿದು, "ನನ್ನ ಕೈ ಶುದ್ಧ ಆಯ್ತು ಅಂತ ತಿಳ್ಕೋತೀನಿ ಗುರುಗಳೇ" ಎಂದಳು. ಅದನ್ನೂ ತಿಂದ. ನೀರಿನ ಲೋಟ ಎತ್ತುವಾಗ ಅವನ ಎಡಗೈ ಜುಬ್ಬದ ಜೇಬಿಗೆ ಹೋಗಿ ಬಂದದ್ದನ್ನು ಅವಳು ಕಂಬದ ಪಕ್ಕದಿಂದ ನೋಡಿದಳು. ಕೆಮ್ಮಿದಂತೆ ಮಾಡಿ ಬಾಯಿಗೆ ಕೈ ಇಟ್ಟ, ನೀರು ಕುಡಿದ, ಎಲೆಯ ಒಳಕ್ಕೆ ಬೆರಳು ತೂರಿಸಿ ಎಲೆ ಮಡಚಿದ.

ಷಡಕ್ಷರಪ್ಪ ಶರ್ಟಿನ ಜೇಬಿನಲ್ಲಿ ಆಸ್ಪತ್ರೆಯ ಮಾತ್ರೆಗಳನ್ನು ಇಟ್ಟುಕೊಂಡು ಕಾಯುತ್ತಿದ್ದ. ಕುಂಟುತ್ತಾ ಬಂದು ಎರಡೂ ಕೈಯಲ್ಲಿ ಎಲೆ ಎತ್ತಿದ, ಎದೆಗೊತ್ತಿಕೊಂಡು ಹಿತ್ತಿಲಿಗೆ ಹೋದ. ಜಗದಾಂಬಳಿಗೆ ಒಂದು ಕ್ಷಣ ಅವನನ್ನು ಕೂಗಿ ನಿಲ್ಲಿಸೋಣವೇ ಎನಿಸಿತು. ಅಷ್ಟು ನಂಬಿಕೆ ಇತ್ತು ಆ ನಡಿಗೆಯಲ್ಲಿ. ಕಾಲಿನ ಕಡೆ ನೋಡಿದಳು, ಸುಮ್ಮನಾದಳು.

ಅವನು ಕಟ್ಟೆಯ ಮೇಲೆ ಎಲೆ ಬಿಚ್ಚಿದ. ಅಗುಳು ಹುಡುಕಿದ ಬೆರಳಿಗೆ ಬೇಗಡೆ ಸಿಕ್ಕಿತು. ಮೂವತ್ತೊಂದು ವರ್ಷ ಕಬ್ಬಿಣದ ತುಂಡುಗಳನ್ನು ತಿರುಗಿಸಿ ನೋಡಿದ ಹಾಗೆ ತಿರುಗಿಸಿದ, ಬಿಸಿಲಿಗೆ ಹಿಡಿದ, ಮತ್ತೆ ತಿರುಗಿಸಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ ತಲೆ ಬಗ್ಗಿಸಿ ತನ್ನ ಎಡಗಾಲನ್ನು ನೋಡುತ್ತಾ ಕೂತ. ಅವಳು ದೂರದಲ್ಲೇ ನಿಂತಿದ್ದಳು. ಅವನು ಎದ್ದು, ಕುಂಟುವುದನ್ನೂ ಮರೆತವನಂತೆ ಸಭೆಗೆ ನಡೆದ.

ವೇದಿಕೆಗೆ ಬುಟ್ಟಿ ಬಂದಿತ್ತು. ಸುಘೋಷ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದ.

"ಗುರುಗಳೇ, ಸಂಕ್ರಾಂತಿಲಿ ನಾನು ಹಾಕಿದ ಮಾತ್ರೆ ಏನಾಯ್ತು?" ಷಡಕ್ಷರಪ್ಪ ಕೇಳಿದ.

"ತುಂಗೆಗೆ ಹೋಯ್ತಲ್ಲಪ್ಪ. ನಾನೇ ಕೈಯಾರೆ ಬಿಟ್ಟು ಬಂದೆ."

"ತುಂಗೆ ನಿಮ್ಮ ಎಲೆ ಒಳಗೆ ಹರಿದು ಬಂದ್ಲಾ ಹಂಗಾದ್ರೆ?" ತುಂಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಇದು ನನ್ನ ಗುರುತು. ಜೀವಮಾನ ಎಲ್ಲ ಗುರುತು ಹಾಕಿ ಉಂಡವನು ನಾನು. ನಂದು ನನಗೆ ಗೊತ್ತಾಗಲ್ವಾ?"

ಸುಘೋಷನ ಬಾಯಲ್ಲಿ ಎಲೆಯಡಿಕೆ ನಿಂತಿತು. ಆದರೂ ಮಾತು ಬಲ್ಲವನು ನೋಡಿ, ಕೈ ಎತ್ತಿ ಜಗದಾಂಬಳ ಕಡೆ ತೋರಿಸಿದ. "ಅವಳದು ಈ ಕಿತಾಪತಿ. ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಅವಳೇ ಎಲೆಯಲ್ಲಿ ಇಟ್ಟಿದ್ದಾಳೆ."

ಆಗ ಒಳಗಿನ ಪಂಕ್ತಿಯಲ್ಲಿ ಉಂಡು ಬಂದಿದ್ದ ಚಂದ್ರಶೇಖರಪ್ಪನವರು ಎದ್ದರು. ಜೇಬಿನಿಂದ ಮಡಿಸಿದ ಕಾಗದ ತೆಗೆದು ಗುರುವಾರದ ತುಂಡನ್ನು ಅಂಗೈ ಮೇಲೆ ಇಟ್ಟುಕೊಂಡರು. "ಇದು ನಮ್ಮನೆ ಗೃಹಪ್ರವೇಶದ ದಿನ ನಿಮ್ಮ ಎಲೇಲಿ ಸಿಕ್ಕಿದ್ದು. ಎರಡು ಸಲ ಆಯ್ತು. ಇರಲಿ, ಎಲೇಲಿ ಅವಳು ಇಟ್ಲು ಅಂತ ಇಟ್ಕೊಳ್ಳೋಣ. ನಿಮ್ಮ ಜೇಬಲ್ಲಿ ಅವಳು ಇಡೋಕಾಗಲ್ವಲ್ಲ. ಜೇಬು ತೋರಿಸಿಬಿಡಿ, ಮುಗೀತು."

ಸುಘೋಷ ಎರಡೂ ಕೈಯಿಂದ ಜೇಬನ್ನು ಅದುಮಿ ಹಿಡಿದುಕೊಂಡ. ಅಷ್ಟು ಸಾಕಾಗಿತ್ತು. ಮುಂದಿನ ಸಾಲಿನವರು ಎದ್ದು ಕೈ ಬಿಡಿಸಿದರು. ಒಂದು ಪುಟ್ಟ ಡಬ್ಬಿ, ಅದರೊಳಗೆ ರಾತ್ರಿಗೆಂದು ಕತ್ತರಿಸಿಟ್ಟ ಇನ್ನೊಂದು ಮಾತ್ರೆ. ಬೆನ್ನ ಮೇಲೆ ಮೂರು ಚುಕ್ಕಿ. ಯಾರೋ ಹಿಂದಿನ ಉಗ್ರಾಣದ ಬಾಗಿಲು ತೆಗೆಸಿದರು. ಗೋಣಿಚೀಲದ ತುಂಬ ಜನರ ಮಾತ್ರೆ ಹಾಗೆಯೇ ಬಿದ್ದಿತ್ತು. ಬಿಪಿಯದು ಇತ್ತು, ಥೈರಾಯ್ಡಿನದು ಇತ್ತು, ಹೃದಯದ್ದು ಇತ್ತು. ಸಕ್ಕರೆಯದು ಮಾತ್ರ ಹೆಚ್ಚು ಉಳಿದಿರಲಿಲ್ಲ.

ಜನ ಬೈದರು, ಅತ್ತರು, ಚೀಲಕ್ಕೆ ಕೈ ಹಾಕಿ ಹುಡುಕಾಡಿದರು. ಆ ಗಲಾಟೆಯಲ್ಲಿ ಜಗದಾಂಬಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ವೇದಿಕೆ ಹತ್ತಿದಳು. ಮೂಲೆಯಲ್ಲಿ ಕುಗ್ಗಿ ಕೂತಿದ್ದವನ ಮುಂದೆ ನಿಂತು, ತನ್ನ ಎರಡೂ ಅಂಗೈಗಳನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ನೋಡಿ ಗುರುಗಳೇ, ಮೂರು ಹೋಳಿಗೆ ತಿಂದ್ರಲ್ಲ. ಕೈ ಶುದ್ಧ ಇತ್ತಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಕೊಳಗಗಳನ್ನು ಎಣಿಸಿ ಟೆಂಪೋಗೆ ಹಾಕಿಸಿ, ಗಂಡನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಭದ್ರಾವತಿಯ ದಾರಿ ಹಿಡಿದಳು.

ಮನೆಗೆ ಬಂದವನೇ ಷಡಕ್ಷರಪ್ಪ ಹಿತ್ತಿಲಿಗೆ ಹೋದ. ಗೆರೆ ಎಳೆದಿದ್ದ ಪಾತ್ರೆಯನ್ನು ಬೋರಲು ಹಾಕಿ, ಬಣ್ಣದ ಡಬ್ಬಿ ತೆರೆದು, ಗೆರೆಯನ್ನು ಕೆರೆದು ಮೂರು ಚುಕ್ಕಿ ಇಟ್ಟ. ಒಳಗೆ ತಂದು ಅವಳ ಪಾತ್ರೆಗಳ ಸಾಲಿನಲ್ಲಿ ಇಟ್ಟು, ಊಟಕ್ಕೆ ಕೂತ. ಎರಡು ತಿಂಗಳ ಮೇಲೆ ಕೂತ.

ಜಗದಾಂಬಾ ತಟ್ಟೆ ತಂದಳು. ಅರ್ಧ ತಟ್ಟೆ ಹುರುಳಿಕಾಯಿ ಪಲ್ಯ, ಸೊಪ್ಪು. ಒಂದು ಪಕ್ಕ ಹೆಸರುಕಾಳಿನ ಹುಳಿ, ಮೊಸರು. ಇನ್ನೊಂದು ಪಕ್ಕ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ. ಅವನು ಮುದ್ದೆಯ ಗಾತ್ರ ನೋಡಿದ, ಹೆಂಡತಿಯ ಮುಖ ನೋಡಿದ, ಕೈ ಚಾಚಿದ. ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮೊದಲು ಬೆರಳು ಕೊಡಿ. ಉಣ್ಣೋ ಮುಂಚೆ ಎಷ್ಟಿದೆ, ಉಂಡ ಮೇಲೆ ಎಷ್ಟಾಗುತ್ತೆ, ಎರಡೂ ಬರೀಬೇಕು."

ಅವನು ಬೆರಳು ಕೊಟ್ಟ. ಮೀಟರಿನ ಜೊತೆ ಬರುವ, ಸೂಜಿ ಚುಚ್ಚುವ ಪೆನ್ನಿಗೆ ಒಂದರಿಂದ ಐದರವರೆಗೆ ಅಂಕಿಗಳಿರುತ್ತವೆ, ಎಷ್ಟು ಆಳಕ್ಕೆ ಚುಚ್ಚಬೇಕೋ ಅಷ್ಟಕ್ಕೆ ತಿರುಗಿಸಬೇಕು. ಅವಳು ತನಗೆ ಯಾವಾಗಲೂ ಇಟ್ಟುಕೊಳ್ಳುತ್ತಿದ್ದದ್ದು ಎರಡಕ್ಕೆ. ಅವನು ನೋಡುತ್ತಿರುವಂತೆಯೇ ನಾಲ್ಕಕ್ಕೆ ತಿರುಗಿಸಿದಳು. ಟಕ್ ಎಂದಿತು. ಅವನು ಸ್ಸ್ ಎಂದ, ಕೈ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನಂಬಲಿಲ್ವಲ್ಲ ನೀವು" ಎಂದಳು. ಕಣ್ಣಲ್ಲಿ ನೀರಿತ್ತು. ಮೀಟರು ನೋಡಿ ಪುಸ್ತಕದಲ್ಲಿ ಬರೆದಳು, ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು. ಅವನು ಕಣ್ಣು ಮುಚ್ಚಿಕೊಂಡು ಮೊದಲ ತುತ್ತು ನುಂಗಿದ.

ಮಾರನೆಯ ದಿನ ಬೆರಳು ಚಾಚುವ ಮೊದಲು ಷಡಕ್ಷರಪ್ಪ ಪೆನ್ನನ್ನು ಒಮ್ಮೆ ತಿರುಗಿಸಿ ನೋಡಿದ. ನಾಲ್ಕರಲ್ಲೇ ಇತ್ತು.